ಪರೀಕ್ಷೆ ಬರೆಯಿರಿ, ಪದವಿ ಮಾತ್ರ ಕೇಳಬೇಡಿ

ನಮ್ಮ ಚಿಕ್ಕಮ್ಮನ ಮಗಳು ಈ ವರ್ಷ ಬಿ.ಎ. ಮುಗಿಸಿದಳು. ಮುಂದೇನು ಅಂತ ಕೇಳಿದ್ದಕ್ಕೆ "ಫಿಲಾಸಫಿಯಲ್ಲಿ ಎಂ.ಎ. ಮಾಡ್ತೀನಿ, ಜೊತೆಗೆ ಜೆಂಡರ್ ಸ್ಟಡೀಸ್ ತಗೋತೀನಿ" ಅಂದಳು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದನ್ನ ಓದಿದ್ರೆ ಕ್ಯಾಂಪಸ್ಸಿಗೆ ಯಾವ ಕಂಪನಿ ಬರತ್ತಮ್ಮ?" ಅಂದರು ಮಾವ. "ಜೆಂಡರ್ ಅಂದ್ರೆ ಪುಲ್ಲಿಂಗ ಸ್ತ್ರೀಲಿಂಗ ತಾನೇ? ಅದನ್ನ ಹೈಸ್ಕೂಲಲ್ಲೇ ಓದಿದ್ಯಲ್ಲೇ!" ಅಂದರು ದೊಡ್ಡಮ್ಮ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ "ನೀನಾದ್ರೂ ಸ್ವಲ್ಪ ಬುದ್ಧಿ ಹೇಳೋ" ಅಂದರು.

ಎಲೆಕ್ಟ್ರಾನಿಕ್ಸ್ ಓದಿ, ಈಗ ಜಾವಾ ಬರೆದುಕೊಂಡು ಹೊಟ್ಟೆ ಹೊರೆಯುತ್ತಿರುವ ನಾನು ಫಿಲಾಸಫಿ ಓದುವವಳಿಗೆ ಏನು ಬುದ್ಧಿ ಹೇಳಲಿ? :-) ಹೇಳಲಿಲ್ಲ. ಆದರೆ ಇತಿಹಾಸ ಓದುವ ಚಟ ನನಗೆ ಮೊದಲಿನಿಂದಲೂ ಇದೆ. ತತ್ವಶಾಸ್ತ್ರ ಎರಡೂವರೆ ಸಾವಿರ ವರ್ಷ ಹಳೆಯದು, ಲಿಂಗತ್ವ ಅಧ್ಯಯನ ನಿನ್ನೆ ಮೊನ್ನೆಯದು, ಇವೆರಡಕ್ಕೂ ಎಲ್ಲಿಂದೆಲ್ಲಿಯ ನಂಟು ಅಂತ ಹೇಳುವವರು ಬಹಳ. ಹಾಗಲ್ಲ ಅನ್ನುವುದಕ್ಕೆ ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲೇ ಸಾಕಷ್ಟು ಪುರಾವೆ ಇದೆ. ಅದನ್ನು ಒಂದು ಕಡೆ ಬರೆದಿಡೋಣ ಅಂತ ಈ ಲೇಖನ. ಸ್ವಲ್ಪ ಉದ್ದ ಆಗಿದೆ, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ.

ಇಟಲಿಯಿಂದ ಶುರು ಮಾಡ್ತೀನಿ.

1646ರಲ್ಲಿ ವೆನಿಸ್ಸಿನ ದೊಡ್ಡ ಮನೆತನವೊಂದರಲ್ಲಿ ಎಲೆನಾ ಲುಕ್ರೇಜಿಯಾ ಕೊರ್ನಾರೋ ಪಿಸ್ಕೋಪಿಯಾ ಎಂಬ ಹುಡುಗಿ ಹುಟ್ಟಿದಳು. (ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಎಲೆನಾ ಅಂತಲೇ ಕರೆಯೋಣ.) ಲ್ಯಾಟಿನ್, ಗ್ರೀಕ್, ಹೀಬ್ರೂ ಅಂತ ಹಲವಾರು ಭಾಷೆ ಕಲಿತಳು, ಅರಿಸ್ಟಾಟಲ್‌ನನ್ನು ಓದಿದಳು. ಪಡುವಾ ವಿಶ್ವವಿದ್ಯಾಲಯದಿಂದ ಮಗಳಿಗೆ ದೇವತಾಶಾಸ್ತ್ರದಲ್ಲಿ ಡಾಕ್ಟರ್ ಪದವಿ ಕೊಡಿಸಬೇಕು ಅಂತ ಅಪ್ಪ ಹಟ ಹಿಡಿದರು. ಅಲ್ಲಿನ ಬಿಷಪ್ ಗ್ರೆಗೋರಿಯೋ ಬಾರ್ಬಾರಿಗೋ ಆಗುವುದಿಲ್ಲ ಅಂದುಬಿಟ್ಟರು. 'ಡಾಕ್ಟರ್' ಅನ್ನುವ ಲ್ಯಾಟಿನ್ ಪದದ ಅರ್ಥ ಬೋಧಿಸುವವನು ಅಂತ. ಹೆಣ್ಣು ಧರ್ಮ ಬೋಧಿಸುವುದು ಅವತ್ತಿನ ಚರ್ಚಿನ ಸಂಪ್ರದಾಯಕ್ಕೆ ಒಪ್ಪುವ ಮಾತಲ್ಲ. ಕೊನೆಗೆ ಒಂದು ರಾಜಿ ಆಯಿತು. ದೇವತಾಶಾಸ್ತ್ರ ಬೇಡ, ತತ್ವಶಾಸ್ತ್ರದಲ್ಲಿ ಕೊಡೋಣ!

1678ರ ಜೂನ್ 25ರಂದು ಪರೀಕ್ಷೆ. ನೋಡಲು ಬಂದ ಜನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಹಿಡಿಸುವುದಿಲ್ಲ ಅಂತ ಊರಿನ ದೊಡ್ಡ ಚರ್ಚಿನಲ್ಲೇ ನಡೆಸಿದರು. ಅರಿಸ್ಟಾಟಲ್‌ನ ಗ್ರಂಥಗಳಿಂದ ಎರಡು ಭಾಗ ಆರಿಸಿ ಕೊಟ್ಟರು. ಎಲೆನಾ ಲ್ಯಾಟಿನ್ನಿನಲ್ಲಿ ವ್ಯಾಖ್ಯಾನ ಮಾಡಿದಳು, ಪಾಸಾದಳು, ಉಂಗುರ ತೊಡಿಸಿ ತಲೆಗೆ ಲಾರೆಲ್ ಎಲೆಯ ಕಿರೀಟ ಇಟ್ಟರು. ವಿಶ್ವವಿದ್ಯಾಲಯದಿಂದ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಹೆಣ್ಣು ಅಂತ ಇತಿಹಾಸದಲ್ಲಿ ದಾಖಲಾದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯ. ಆದರೆ ಆಮೇಲೆ ಆದದ್ದೇನು ಗೊತ್ತಾ? ಇದೇ ದಾರಿಯಲ್ಲಿ ಇನ್ನೊಬ್ಬ ಹುಡುಗಿ ಬರಲು ನೋಡಿದಾಗ ಪಡುವಾ ಬಾಗಿಲು ಹಾಕಿಕೊಂಡಿತು. ಇಟಲಿಯಲ್ಲಿ ಮತ್ತೊಬ್ಬ ಮಹಿಳೆಗೆ, ಅಂದರೆ ಲಾರಾ ಬಸ್ಸಿಗೆ, ತತ್ವಶಾಸ್ತ್ರದ ಡಾಕ್ಟರೇಟ್ ಸಿಕ್ಕಿದ್ದು 54 ವರ್ಷದ ನಂತರ, 1732ರಲ್ಲಿ, ಅದೂ ಬೊಲೋನ್ಯಾದಲ್ಲಿ. ಪಡುವಾದ ದೊಡ್ಡ ಚೌಕದಲ್ಲಿ ಇವತ್ತಿಗೂ 78 ಗಂಡಸರ ಪ್ರತಿಮೆಗಳಿವೆ. ಖಾಲಿ ಪೀಠವೊಂದರ ಮೇಲೆ ಎಲೆನಾಳ ಪ್ರತಿಮೆ ಇಡೋಣ ಅಂತ 2021ರ ಕೊನೆಯಲ್ಲಿ ಪ್ರಸ್ತಾಪ ಬಂದಾಗ ಅದೇ ಒಂದು ದೊಡ್ಡ ವಿವಾದವಾಯಿತು. ಅಂದರೆ ಈ ಪರೀಕ್ಷೆ ಮುನ್ನೂರ ನಲವತ್ತು ವರ್ಷವಾದರೂ ಮುಗಿದಿಲ್ಲ!

ಇದನ್ನು ಓದುವಾಗ ನಮಗೆ ಅಕ್ಕಮಹಾದೇವಿ ನೆನಪಾಗದೇ ಇರುತ್ತಾಳೆಯೇ? ಶೂನ್ಯಸಂಪಾದನೆ ಹೇಳುವಂತೆ ಅನುಭವ ಮಂಟಪದ ಬಾಗಿಲಲ್ಲಿ ಅಲ್ಲಮಪ್ರಭು ಅವಳನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಪರೀಕ್ಷಿಸುತ್ತಾನೆ. ನಮ್ಮ ಕಾಲೇಜು ಭಾಷೆಯಲ್ಲಿ ಹೇಳುವುದಾದರೆ ಕರುನಾಡಿನ ಅತ್ಯಂತ ಕಷ್ಟದ ವೈವಾ. ಅಲ್ಲಿ ಅವಳಿಗೆ ಬರುವ ಮೊದಲ ಪ್ರಶ್ನೆಗಳು ತತ್ವದ್ದಲ್ಲ, ನಿನ್ನ ಗಂಡ ಯಾರು ಅನ್ನುವುದು, ಕೂದಲಿಂದ ಮೈ ಮುಚ್ಚಿಕೊಂಡದ್ದೇಕೆ ಅನ್ನುವುದು. ಅವಳು ಆ ಪ್ರಶ್ನೆಗಳನ್ನೇ ತತ್ವದ ಪ್ರಶ್ನೆಗಳನ್ನಾಗಿ ಮಾಡಿ ಉತ್ತರಿಸುತ್ತಾಳೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಇಂಗ್ಲೆಂಡಿಗೆ ಹೋಗೋಣ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಕುತೂಹಲ ಅನ್ನಿಸಿದ್ದು ಕೇಂಬ್ರಿಡ್ಜಿನ ಭಾಗ.

1869ರಲ್ಲಿ ಎಮಿಲಿ ಡೇವಿಸ್ ಐದು ಜನ ಹುಡುಗಿಯರನ್ನು ಸೇರಿಸಿ ಒಂದು ಕಾಲೇಜು ಶುರು ಮಾಡಿದರು. ಅದೇ ಮುಂದೆ ಗರ್ಟನ್ ಕಾಲೇಜಾಯಿತು. 1871ರಲ್ಲಿ ಹೆನ್ರಿ ಸಿಜ್ವಿಕ್ ಎಂಬ ತತ್ವಶಾಸ್ತ್ರಜ್ಞರು ಊರೊಳಗೇ ಒಂದು ಮನೆ ಬಾಡಿಗೆಗೆ ಹಿಡಿದು, ಇನ್ನೈದು ಹುಡುಗಿಯರಿಗೆ ಉಳಿದುಕೊಳ್ಳಲು ವ್ಯವಸ್ಥೆ ಮಾಡಿದರು. ಅದು ನ್ಯೂನಮ್ ಕಾಲೇಜಾಯಿತು. ಈ ಸಿಜ್ವಿಕ್ ಸಾಮಾನ್ಯರಲ್ಲ. ಚರ್ಚಿನ ನಂಬಿಕೆಗಳಿಗೆ ಮನಃಪೂರ್ವಕವಾಗಿ ಸಹಿ ಹಾಕಲಾರೆ ಅಂತ 1869ರಲ್ಲಿ ತಮ್ಮ ಕಾಲೇಜಿನ ಫೆಲೋಶಿಪ್ಪನ್ನೇ ಬಿಟ್ಟವರು. 1874ರಲ್ಲಿ ಅವರು ಬರೆದ ನೀತಿಶಾಸ್ತ್ರದ ಪುಸ್ತಕವನ್ನು ಇವತ್ತಿಗೂ ಓದುತ್ತಾರೆ.

ಹುಡುಗಿಯರು ಬಂದರು, ಪಾಠ ಕೇಳಿದರು. 1881ರಲ್ಲಿ ಪರೀಕ್ಷೆಗೆ ಕೂರಲು ಅಧಿಕೃತ ಅನುಮತಿಯೂ ಸಿಕ್ಕಿತು. ಪಾಸಾದರೆ ಒಂದು ಸರ್ಟಿಫಿಕೇಟು. ಆದರೆ ಪದವಿ? ಅದು ಮಾತ್ರ ಇಲ್ಲ! ಪದವಿ ಕೊಟ್ಟರೆ ವಿಶ್ವವಿದ್ಯಾಲಯದ ಸದಸ್ಯತ್ವ, ಆಡಳಿತದಲ್ಲಿ ಮತ ಹಾಕುವ ಹಕ್ಕು ಎಲ್ಲಾ ಹಿಂದೆಯೇ ಬರುತ್ತದಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಲಾಗಿನ್ ಕೊಟ್ಟರು, ಪರ್ಮಿಷನ್ ಕೊಡಲಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ವಾದ ಜೋರಾಗಿತ್ತು. ಹೆಣ್ಣು ಹೆಚ್ಚು ಓದಿದರೆ ಮಿದುಳಿಗೆ ಶಕ್ತಿ ಖರ್ಚಾಗಿ ಗರ್ಭಕೋಶಕ್ಕೆ ಕಡಿಮೆ ಬೀಳುತ್ತದೆ, ಮಕ್ಕಳಾಗುವುದಿಲ್ಲ ಎಂದು! ನಗಬೇಡಿ, ಇದನ್ನು ಹೇಳಿದವರು ದೊಡ್ಡ ದೊಡ್ಡ ಡಾಕ್ಟರುಗಳು. 1873ರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಕ್ಲಾರ್ಕ್ ಪುಸ್ತಕವನ್ನೇ ಬರೆದರು, ಮರುವರ್ಷ ಲಂಡನ್ನಿನ ಹೆನ್ರಿ ಮಾಡ್ಸ್ಲಿ ಅದನ್ನು ಎತ್ತಿಹಿಡಿದು ಲೇಖನ ಬರೆದರು.

ಇದಕ್ಕೆ ಸಿಜ್ವಿಕ್ ಅವರ ಹೆಂಡತಿ ಎಲಿನಾರ್ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಆಕೆ ಗಣಿತ ಬಲ್ಲವರು, ಭೌತಶಾಸ್ತ್ರದ ಪ್ರಯೋಗಗಳಲ್ಲಿ ಕೈಯಾಡಿಸಿದವರು. ಭಾಷಣ ಮಾಡಲಿಲ್ಲ, ಲೆಕ್ಕ ಹಾಕಿದರು. ಕೇಂಬ್ರಿಡ್ಜ್ ಮತ್ತು ಆಕ್ಸ್‌ಫರ್ಡಿನಲ್ಲಿ ಓದಿದ ಹೆಣ್ಣುಮಕ್ಕಳ ಆರೋಗ್ಯದ ಮಾಹಿತಿ ಕಲೆಹಾಕಿದರು. ಹೋಲಿಸಿದ್ದು ಯಾರ ಜೊತೆ? ಕಾಲೇಜಿಗೆ ಹೋಗದ ಅವರದೇ ಅಕ್ಕತಂಗಿಯರ ಜೊತೆ! ಅದೇ ಅಪ್ಪ ಅಮ್ಮ, ಅದೇ ಮನೆಯ ಊಟ, ವ್ಯತ್ಯಾಸ ಓದಿನದ್ದು ಮಾತ್ರ. ನಾವು ಈಗ ಎರಡು ಗುಂಪು ಮಾಡಿ ಟೆಸ್ಟ್ ಮಾಡುತ್ತೇವಲ್ಲ, ಅದೇ ಬುದ್ಧಿ. 1890ರಲ್ಲಿ ವರದಿ ಅಚ್ಚಾಯಿತು. ಓದಿನಿಂದ ಆರೋಗ್ಯ ಕೆಡುತ್ತದೆ ಅನ್ನುವುದಕ್ಕೆ ಆಧಾರವೇ ಸಿಗಲಿಲ್ಲ.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಹೆಣ್ಣಿನ ಬಗ್ಗೆ ಸಮಾಜ ಹೇಳುವ ಮಾತೊಂದನ್ನು ತೆಗೆದುಕೊಂಡು, ಇದು ಪ್ರಕೃತಿಯೇ ಅಥವಾ ನಾವೇ ಮಾಡಿಕೊಂಡ ಕಟ್ಟಳೆಯೇ ಅಂತ ಪುರಾವೆ ಇಟ್ಟು ಪರೀಕ್ಷಿಸುವುದು. ಇವತ್ತು ಜೆಂಡರ್ ಸ್ಟಡೀಸ್ ಅಂತ ಕರೆಯುವುದರ ಒಂದು ಮುಖ್ಯ ಕೆಲಸ ಇದೇ ಅಲ್ಲವೇ? ಆಗ ಅದಕ್ಕೆ ಆ ಹೆಸರಿರಲಿಲ್ಲ, ಅಷ್ಟೇ. ತತ್ವಶಾಸ್ತ್ರದ ಪ್ರೊಫೆಸರರ ಮನೆಯೊಳಗೇ ಆ ಕೆಲಸ ನಡೆಯುತ್ತಿತ್ತು.

ಅದೇ 1890 ಇನ್ನೆರಡು ಕಾರಣಕ್ಕೆ ದೊಡ್ಡ ವರ್ಷ. ನ್ಯೂನಮ್ಮಿನ ಫಿಲಿಪಾ ಫಾಸೆಟ್ ಗಣಿತದ ಪರೀಕ್ಷೆಯಲ್ಲಿ ಎಲ್ಲ ಗಂಡಸರನ್ನೂ ಹಿಂದೆ ಹಾಕಿದಳು. ಆದರೆ ಮೊದಲ ರ‍್ಯಾಂಕ್ ಗಂಡಸರ ಪಟ್ಟಿಯಲ್ಲಿ ಇರಬೇಕಲ್ಲ? ಹಾಗಾಗಿ ಅವಳ ಸ್ಥಾನವನ್ನು 'ಮೊದಲ ರ‍್ಯಾಂಕಿಗಿಂತ ಮೇಲೆ' ಅಂತ ಓದಿ ಹೇಳಿದರು!

ಇನ್ನೊಂದು ಸದ್ದಿಲ್ಲದೆ ನಡೆದದ್ದು. ಗರ್ಟನ್ನಿನಲ್ಲಿ ತತ್ವಶಾಸ್ತ್ರ ಓದಿ ಅಲ್ಲೇ ಪಾಠ ಮಾಡುತ್ತಿದ್ದ ಕಾನ್‌ಸ್ಟನ್ಸ್ ಜೋನ್ಸ್ ತರ್ಕಶಾಸ್ತ್ರದ ಪುಸ್ತಕವೊಂದನ್ನು ಹೊರತಂದರು. ತಮ್ಮಂದಿರ ಓದು ಮೊದಲು ಅಂತ ಮನೆಯಲ್ಲಿ ಇವರ ಓದನ್ನು ಹಿಂದಕ್ಕೆ ಹಾಕಿದ್ದರು, ಆಮೇಲೆ ಸೋದರತ್ತೆಯೋ ಚಿಕ್ಕಮ್ಮನೋ, ಅಂತೂ ಹತ್ತಿರದ ಬಂಧುವೊಬ್ಬರು ಹಣ ಕೊಟ್ಟು ಓದಿಸಿದರು. (ಎಲ್ಲೋ ಕೇಳಿದ ಕಥೆ ಅನ್ನಿಸುತ್ತಿದೆಯಾ?) ಒಂದೇ ವಸ್ತುವನ್ನು ಎರಡು ಬೇರೆ ಅರ್ಥದಿಂದ ಸೂಚಿಸಬಹುದು ಅನ್ನುವುದು ಅವರ ಪುಸ್ತಕದ ಮುಖ್ಯ ವಿಚಾರ. ಬೆಳಗಿನ ಬೆಳ್ಳಿ ಅಂದರೂ ಶುಕ್ರನೇ, ಸಂಜೆಯ ಬೆಳ್ಳಿ ಅಂದರೂ ಶುಕ್ರನೇ, ಅರ್ಥ ಮಾತ್ರ ಬೇರೆ. ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ, ಎರಡು ಪಾಯಿಂಟರು, ಒಂದೇ ಅಡ್ರೆಸ್ಸು. ಇದಕ್ಕೆ ತುಂಬಾ ಹತ್ತಿರದ ವಿಚಾರವನ್ನು ಜರ್ಮನಿಯ ಫ್ರೇಗೆ 1892ರಲ್ಲಿ ಪ್ರಕಟಿಸಿದರು. ಇವತ್ತು ಫಿಲಾಸಫಿ ತರಗತಿಯಲ್ಲಿ ಫ್ರೇಗೆ ಹೆಸರು ಕೇಳದವರಿಲ್ಲ. ಜೋನ್ಸ್ ಹೆಸರು?

ಇನ್ನೂ ಒಂದು ವಿಷಯ. 1900ರಲ್ಲಿ ಸಿಜ್ವಿಕ್ ತೀರಿಕೊಂಡಾಗ ಅವರ ಆ ಪ್ರಸಿದ್ಧ ನೀತಿಶಾಸ್ತ್ರದ ಪುಸ್ತಕದ ಪರಿಷ್ಕೃತ ಆವೃತ್ತಿಗಳನ್ನು ಸಂಪಾದಿಸಿ ಹೊರತಂದವರು ಇದೇ ಜೋನ್ಸ್. ಕೇಂಬ್ರಿಡ್ಜಿನ ಅತಿ ದೊಡ್ಡ ನೀತಿಶಾಸ್ತ್ರಜ್ಞನ ಪುಸ್ತಕವನ್ನು ತಿದ್ದಿ ಒಪ್ಪ ಮಾಡಲು ಆಕೆ ಆಗಬಹುದು, ಕೇಂಬ್ರಿಡ್ಜಿನ ಬಿ.ಎ. ಮಾತ್ರ ಆಕೆಗೆ ಇಲ್ಲ.

1897ರ ಮೇ 21. ಹೆಣ್ಣುಮಕ್ಕಳಿಗೆ ಪದವಿಯ ಬಿರುದನ್ನಾದರೂ ಕೊಡೋಣವೇ ಅಂತ ಮತಕ್ಕೆ ಹಾಕಿದರು. ಹಳೆಯ ಪದವೀಧರರು ಬಂದು ಮತ ಹಾಕಲಿ ಅಂತ ಲಂಡನ್ನಿನಿಂದ ವಿಶೇಷ ರೈಲುಗಳನ್ನೇ ಬಿಟ್ಟಿದ್ದರು. ಸೆನೆಟ್ ಹೌಸಿನ ಎದುರಿನ ಕಟ್ಟಡದಿಂದ ಸೈಕಲ್ ಮೇಲೆ ಕೂತ ಹೆಂಗಸಿನ ಗೊಂಬೆಯೊಂದನ್ನು ನೇತುಹಾಕಿದ್ದರು. ಪರವಾಗಿ ಸುಮಾರು 660 ಮತ, ವಿರುದ್ಧ ಸುಮಾರು 1,700! ಹುಡುಗರು ಪಟಾಕಿ ಹೊಡೆದು ಸಂಭ್ರಮಿಸಿದರು.

ಮುಂದಿನದ್ದನ್ನು ಬೇಗ ಹೇಳಿಬಿಡ್ತೀನಿ. 1904ರಿಂದ 1907ರವರೆಗೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜು, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜಿನಲ್ಲಿ ಪಾಸಾದ ಮಹಿಳೆಯರಿಗೆ ತಾನೇ ಪದವಿ ಕೊಡಲು ಒಪ್ಪಿತು. ಸುಮಾರು ಏಳುನೂರು ಮಹಿಳೆಯರು ಸ್ಟೀಮರ್ ಹತ್ತಿ ಐರ್ಲೆಂಡಿಗೆ ಹೋಗಿ ಪದವಿ ತಂದರು. 'ಸ್ಟೀಮ್‌ಬೋಟ್ ಲೇಡೀಸ್' ಅಂತಲೇ ಅವರಿಗೆ ಹೆಸರು. ಆಕ್ಸ್‌ಫರ್ಡ್ 1920ರಲ್ಲಿ ಬಾಗಿಲು ತೆಗೆಯಿತು. ಕೇಂಬ್ರಿಡ್ಜ್ 1921ರಲ್ಲಿ ಮತ್ತೆ ಮತ ಹಾಕಿ, ಹೆಸರಿಗೊಂದು ಬಿರುದು ಕೊಡುತ್ತೇವೆ, ಸದಸ್ಯತ್ವ ಇಲ್ಲ ಅಂದಿತು. ಆ ಖುಷಿಗೆ ಹುಡುಗರ ಗುಂಪು ಹೋಗಿ ನ್ಯೂನಮ್ಮಿನ ಕಂಚಿನ ಗೇಟನ್ನು ಗಾಡಿಯಿಂದ ಗುದ್ದಿ ಹಾಳು ಮಾಡಿತು. ಪೂರ್ತಿ ಪದವಿ ಸಿಕ್ಕಿದ್ದು 1948ರಲ್ಲಿ. ಅಂದರೆ ನಮಗೆ ಸ್ವಾತಂತ್ರ್ಯ ಬಂದ ಮೇಲೆ!

ಅಂದ ಹಾಗೆ, ಆಗ ಬ್ರಿಟಿಷರದೇ ಆಳ್ವಿಕೆಯಲ್ಲಿದ್ದ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು ಬಿ.ಎ. ಪದವಿ ಪಡೆದದ್ದು 1883ರಲ್ಲಿ. ಕೇಂಬ್ರಿಡ್ಜಿಗಿಂತ 65 ವರ್ಷ ಮೊದಲು. ಹಾಗಂತ ನಾವು ಎದೆ ಉಬ್ಬಿಸುವ ಹಾಗೂ ಇಲ್ಲ. 1933ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕಮಲಾ ಸೋಹೋನಿ (ಆಗ ಕಮಲಾ ಭಾಗವತ್) ಅರ್ಜಿ ಹಾಕಿದಾಗ, ಹೆಣ್ಣು ಅನ್ನುವ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಬಿಡಲಿಲ್ಲ. ಒಂದು ವರ್ಷ ಪ್ರೊಬೇಷನ್ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ರಾಮನ್ ಮುಂದೆ ಹೆಣ್ಣುಮಕ್ಕಳಿಗೆ ಪ್ರವೇಶ ಕೊಟ್ಟರು. ಆಕೆ ಆಮೇಲೆ ಹೋದದ್ದು ಎಲ್ಲಿಗೆ? ಇದೇ ಗೇಟು ಮುರಿದ ನ್ಯೂನಮ್ ಕಾಲೇಜಿಗೆ. 1939ರಲ್ಲಿ ಪಿಎಚ್.ಡಿ. ಮುಗಿಸಿದರು. ಹೆಣ್ಣುಮಕ್ಕಳಿಗೆ ಕೇಂಬ್ರಿಡ್ಜ್ ಪೂರ್ಣ ಸದಸ್ಯತ್ವ ಕೊಡಲು ಆಗಿನ್ನೂ ಒಂಬತ್ತು ವರ್ಷ ಬಾಕಿ ಇತ್ತು.

ಇಷ್ಟರವರೆಗೆ ಬಾಗಿಲಿನ ಕಥೆ. ಬಾಗಿಲು ದಾಟಿ ಒಳಗೆ ಬಂದವರು ಕೇಳಿದ ಪ್ರಶ್ನೆಯ ಕಥೆ ಬೇರೆ. ಅದಕ್ಕೆ ಪ್ಯಾರಿಸ್ಸಿಗೆ ಹೋಗಬೇಕು.

1929ರಲ್ಲಿ ಫ್ರಾನ್ಸಿನ ಅಗ್ರೆಗಾಸಿಯೋ ಎಂಬ ಅತಿ ಕಠಿಣ ಸ್ಪರ್ಧಾ ಪರೀಕ್ಷೆಯಲ್ಲಿ, ತತ್ವಶಾಸ್ತ್ರ ವಿಷಯದಲ್ಲಿ ಜಾನ್ ಪಾಲ್ ಸಾರ್ತ್ರ್ ಮೊದಲು, ಸಿಮೋನ್ ದ ಬೋವಾ ಎರಡನೆಯವರು. ಸಾರ್ತ್ರ್ ಹಿಂದಿನ ವರ್ಷ ಫೇಲಾಗಿ ಎರಡನೇ ಸಲ ಬರೆದಿದ್ದರು, ಬೋವಾಗೆ ಆಗ 21 ವರ್ಷ. ದೇಶಕ್ಕೆ ಎರಡನೇ ರ‍್ಯಾಂಕ್ ಬಂದ ಈ ಹುಡುಗಿಗೆ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿರಲಿಲ್ಲ. ಫ್ರಾನ್ಸಿನ ಹೆಂಗಸರಿಗೆ ಅದು ಸಿಕ್ಕಿದ್ದು 1944ರಲ್ಲಿ.

1949ರಲ್ಲಿ ಬೋವಾ 'ದ ಸೆಕೆಂಡ್ ಸೆಕ್ಸ್' ಬರೆದರು. ತತ್ವಶಾಸ್ತ್ರ ಯಾವಾಗಲೂ 'ಮನುಷ್ಯ' ಅಂತ ಮಾತಾಡುತ್ತದಲ್ಲ, ಆ ಮನುಷ್ಯ ಯಾರು? ಗಂಡನ್ನು ಅಳತೆಗೋಲು ಮಾಡಿಕೊಂಡು ಹೆಣ್ಣನ್ನು 'ಇನ್ನೊಂದು' ಅಂತ ನಿಲ್ಲಿಸಿದ್ದು ಹೇಗೆ? ಹೆಣ್ಣುತನ ಅನ್ನುವುದು ಹುಟ್ಟಿನಿಂದ ಸಿದ್ಧವಾಗಿ ಬರುವುದಲ್ಲ, ಬೆಳೆಯುತ್ತಾ ರೂಪುಗೊಳ್ಳುವುದು ಅನ್ನುವುದು ಪುಸ್ತಕದ ತಿರುಳು. ಅಕ್ಕನ ವಿಷಯ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಬೋವಾ ಮಾಡಿದ್ದೂ ಅದನ್ನೇ. 'ನೀನು ಹೆಣ್ಣು' ಅಂತ ದೂರವಿಡಲು ಬಳಸುತ್ತಿದ್ದ ಮಾತನ್ನೇ ಎತ್ತಿಕೊಂಡು, ಹಾಗೆಂದರೇನು ಅಂತ ತತ್ವದ ಪ್ರಶ್ನೆ ಮಾಡಿದರು.

ಈ ಪುಸ್ತಕ ಇಂಗ್ಲಿಷಿಗೆ ಹೋದ ಕಥೆಯೂ ಸ್ವಾರಸ್ಯ. 1953ರ ಅನುವಾದ ಮಾಡಿದವರು ಒಬ್ಬ ಪ್ರಾಣಿಶಾಸ್ತ್ರದ ಪ್ರೊಫೆಸರು! ಸಾಕಷ್ಟು ಭಾಗ ಕತ್ತರಿಸಿಹೋಯಿತು, ತತ್ವಶಾಸ್ತ್ರದ ಪಾರಿಭಾಷಿಕ ಪದಗಳು ದಿಕ್ಕುತಪ್ಪಿದವು. ಪೂರ್ತಿ ಅನುವಾದ ಬರಲು 2009 ಆಗಬೇಕಾಯಿತು. ಹಾಗಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಹಳ ಜನ ಇದನ್ನು ತತ್ವಶಾಸ್ತ್ರದ ಗ್ರಂಥ ಅಂತ ಓದಲೇ ಇಲ್ಲ. ಕನ್ನಡಕ್ಕೆ ಇದನ್ನು ತಂದವರು ಎಚ್.ಎಸ್. ಶ್ರೀಮತಿಯವರು. ಸಿಕ್ಕರೆ ಬಿಡಬೇಡಿ.

ಮುಂದೆ 1970ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಮಹಿಳಾ ಅಧ್ಯಯನದ ಮೊದಲ ವಿಭಾಗಗಳಲ್ಲೊಂದು ಶುರುವಾಯಿತು. ಹುಟ್ಟಿನ ದೇಹ ಬೇರೆ, ಸಮಾಜ ಅದಕ್ಕೆ ಕಟ್ಟುವ ಪಾತ್ರ ಬೇರೆ ಅಂತ ಬೇರ್ಪಡಿಸಿ ಹೇಳಲು 'ಜೆಂಡರ್' ಪದದ ಬಳಕೆ ಹೆಚ್ಚಾಯಿತು. ದೊಡ್ಡಮ್ಮ ಹೇಳಿದ್ದು ಸರಿಯೇ, ಈ ಪದ ಇಂಗ್ಲಿಷಿನಲ್ಲಿ ವ್ಯಾಕರಣದಿಂದಲೇ ಬಂದದ್ದು. ಸಂಸ್ಕೃತದಲ್ಲಿ ಮರ ಪುಲ್ಲಿಂಗ, ಕನ್ನಡದಲ್ಲಿ ನಪುಂಸಕಲಿಂಗ. ಮರ ಅದೇ, ಭಾಷೆ ಕೊಟ್ಟ ಲಿಂಗ ಬೇರೆ! ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಈ ವಿಭಜನೆಯನ್ನೇ ಮತ್ತೆ ಪ್ರಶ್ನಿಸಿ 1990ರಲ್ಲಿ 'ಜೆಂಡರ್ ಟ್ರಬಲ್' ಬರೆದ ಜುಡಿತ್ ಬಟ್ಲರ್ ಡಾಕ್ಟರೇಟ್ ಮಾಡಿದ್ದು ತತ್ವಶಾಸ್ತ್ರದಲ್ಲಿ, ಹೆಗೆಲ್ ಬಗ್ಗೆ.

ನಮ್ಮ ದೇಶದಲ್ಲಿ ಇದು ಬಂದ ದಾರಿ ಇನ್ನೊಂದು. ಸರ್ಕಾರವೇ ನೇಮಿಸಿದ ಸಮಿತಿ 1974ರಲ್ಲಿ 'ಟುವರ್ಡ್ಸ್ ಈಕ್ವಾಲಿಟಿ' ವರದಿ ಕೊಟ್ಟಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಇದ್ದ ಹೆಂಗಸರ ಸಂಖ್ಯೆ 1971ಕ್ಕೆ 930ಕ್ಕೆ ಇಳಿದಿತ್ತು. ಸಂವಿಧಾನದಲ್ಲಿ ಸಮಾನತೆ ಬರೆದು ಕಾಲು ಶತಮಾನದ ಹತ್ತಿರ ಆಗಿದ್ದರೂ ಹೀಗೆ! ಓದಿದವರಿಗೆಲ್ಲ ಬೆವರಿಳಿಯಿತು. ಅದೇ ವರ್ಷ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನದ ಸಂಶೋಧನಾ ಘಟಕ ಶುರುವಾಯಿತು. ಮುಂದೆ ಯುಜಿಸಿ ಬೆಂಬಲದಿಂದ ಬೇರೆ ಕಡೆಗಳಲ್ಲೂ ಕೇಂದ್ರಗಳು ಬಂದವು. ನಮ್ಮಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗ ಇದೆ. 2003ರಲ್ಲಿ ಬಿಜಾಪುರದಲ್ಲಿ ಶುರುವಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಇಟ್ಟ ಹೆಸರು ಯಾರದ್ದು ಹೇಳಿ? ಅಕ್ಕಮಹಾದೇವಿಯದ್ದು.

ಇನ್ನು ಕೆಲಸದ ಪ್ರಶ್ನೆ. ಕೆಲಸ ಬೇಡ ಅಂತ ನಾನು ಹೇಳುವುದಿಲ್ಲ. ತಿಂಗಳ ಕೊನೆಗೆ ಬಾಡಿಗೆ ಕಟ್ಟಬೇಕಾದವರಿಗೆ ಅದು ಸಣ್ಣ ಪ್ರಶ್ನೆಯಲ್ಲ. ಆದರೆ 2018ರಲ್ಲಿ ಹಂಗೇರಿ ಸರ್ಕಾರ ಜೆಂಡರ್ ಸ್ಟಡೀಸ್ ಸ್ನಾತಕೋತ್ತರ ಕೋರ್ಸನ್ನು ಮಾನ್ಯತೆ ಪಟ್ಟಿಯಿಂದ ಕಿತ್ತುಹಾಕಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಇದನ್ನು ಓದಿದವರಿಗೆ ಕೆಲಸದ ಮಾರುಕಟ್ಟೆಯಲ್ಲಿ ಬೇಡಿಕೆ ಇಲ್ಲ ಅನ್ನುವುದು. ಕೋರ್ಸು ನಡೆಸುತ್ತಿದ್ದದ್ದು ಎರಡೇ ವಿಶ್ವವಿದ್ಯಾಲಯ, ಓದುತ್ತಿದ್ದದ್ದು ಬೆರಳೆಣಿಕೆಯ ಮಂದಿ. ಬೇಡಿಕೆ ಇಲ್ಲದ ಎಷ್ಟೋ ಕೋರ್ಸುಗಳು ತಾವಾಗಿಯೇ ಮುಚ್ಚಿಹೋಗುತ್ತವೆ, ಅದಕ್ಕೆ ಸರ್ಕಾರದ ಆದೇಶ ಬೇಕಾಗುವುದಿಲ್ಲ. ಹಾಗಾಗಿ ನನಗೆ ಅನುಮಾನ, ಭಯ ಇದ್ದದ್ದು ಓದಿದವರಿಗೆ ಕೆಲಸ ಸಿಗುವುದಿಲ್ಲ ಅಂತಲ್ಲ, ಅವರು ಪ್ರಶ್ನೆ ಕೇಳುತ್ತಾರೆ ಅಂತ.

ಪಡುವಾದಲ್ಲಿ ಧರ್ಮದ ಕಾರಣ ಕೊಟ್ಟರು, ಬಾಸ್ಟನ್ನಿನಲ್ಲಿ ಗರ್ಭಕೋಶದ ಕಾರಣ, ಬುಡಾಪೆಸ್ಟಿನಲ್ಲಿ ನೌಕರಿಯ ಕಾರಣ. ಕಾರಣ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ. ಕೊಟ್ಟ ಕಾರಣ ನಿಜವೇ ಅಂತ ಪರೀಕ್ಷಿಸಿ ನೋಡುವುದು ತತ್ವಶಾಸ್ತ್ರದ ಹಳೆಯ ಅಭ್ಯಾಸ. ಯಾರನ್ನು ಹೊರಗಿಡಲು ಆ ಕಾರಣ ಕೊಟ್ಟರು ಅಂತ ಕೇಳುವುದು ಲಿಂಗತ್ವ ಅಧ್ಯಯನ. ನನ್ನ ಲೆಕ್ಕದಲ್ಲಿ ಎರಡನೆಯದು ಮೊದಲನೆಯದರ ಬಾಕಿ ಉಳಿದ ಪಾಠ, ಬೇರೆ ಪಾಠವಲ್ಲ.

ಇದೆಲ್ಲಾ ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ನು ಅಂತ ಯಾರಾದರೂ ಅಂದರೆ 1890ರಲ್ಲಿ ಅಕ್ಕತಂಗಿಯರ ಆರೋಗ್ಯದ ಲೆಕ್ಕ ಹಾಕಿದ ಎಲಿನಾರ್ ಸಿಜ್ವಿಕ್ ಹೆಸರು ಹೇಳಿ. ಹಾಗೇ ಸಾಧ್ಯವಾದರೆ ಕಾನ್‌ಸ್ಟನ್ಸ್ ಜೋನ್ಸ್ ಹೆಸರನ್ನೂ. ನಮ್ಮ ಕಡೆ ಹೀಗೆ ಬಾಗಿಲಲ್ಲಿ ನಿಂತು ಓದಿದ, ಹೆಸರು ಮರೆತುಹೋದ ಹೆಣ್ಣುಮಕ್ಕಳ ಕಥೆ ನಿಮ್ಮ ಮನೆಯಲ್ಲೋ ಊರಲ್ಲೋ ಇದ್ದರೆ ನೀವೂ ಬರೆಯಿರಿ, ಓದಲು ನಾನು ಕಾದಿರುತ್ತೇನೆ.